ಖಾಲಿ ಬಿಟ್ಟ ತಾರೀಕು

ಗಾಳಿ ಎದ್ದರೆ ಉರಿಗಾಂನ ಮುಚ್ಚಿದ ಗಣಿಯ ಶೆಡ್ಡಿನಲ್ಲಿ ಒಂದು ತಗಡು ಬಡಿದುಕೊಳ್ಳುತ್ತದೆ. ಎರಡು ಸಲ ಬೇಗ, ಆಮೇಲೆ ತುಂಬ ಹೊತ್ತು ಬಿಟ್ಟು ಒಂದು ಸಲ. ಆ ಮೂರನೆಯದು ಮುಗಿಯುವ ತನಕ ಶ್ಯಾಮಲ ಗಾಜಿನ ಮೇಲೆ ಕಟರ್ ಎಳೆಯುವುದಿಲ್ಲ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಪಟಗಳಿಗೆ ಕಟ್ಟು ಹಾಕುವುದು ಕೆಲಸ. ಗಣಿ ಮುಚ್ಚಿದ ವರ್ಷ ಅವಳ ಅಪ್ಪ ಕುಪ್ಪುಸ್ವಾಮಿ ಶುರು ಮಾಡಿದ್ದು. ಮದುವೆ ಫೋಟೊ, ದೇವರ ಪಟ ಬರುತ್ತವೆ. ಹೆಚ್ಚು ಬರುವುದು ತೀರಿಕೊಂಡವರ ಫೋಟೊ. ಅಂಥ ಪಟ ಒಯ್ಯುವವರಿಗೆ ‘ಮತ್ತೆ ಬನ್ನಿ’ ಎನ್ನಬಾರದು, ಇದು ಅಪ್ಪ ಕಲಿಸಿದ ಮೊದಲ ಪಾಠ.

ಕಳೆದ ವರ್ಷ ನೋಟ್‌ಬುಕ್ಕಿನಲ್ಲಿ ಎರಡು ಹೆಸರು ಅದಲುಬದಲಾಗಿ, ಒಬ್ಬರ ಮುಖದ ಕೆಳಗೆ ಇನ್ನೊಬ್ಬರ ಹೆಸರು ಕೂತಿತು. ಅಳುವ ಮನೆಯ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿ ಬಂದವಳು ಕಂಪ್ಯೂಟರ್ ಕೊಂಡಳು. ಮೊದಲು ಹಾಕಿಸಿದ ಸಾಫ್ಟ್‌ವೇರ್ ಹೊರದೇಶದ್ದು. ಪ್ರತಿ ಪಟಕ್ಕೂ ಚಿತ್ರಕಾರನ ಹೆಸರು ಕೇಳುತ್ತಿತ್ತು. ಎರಡನೆಯದು ಪ್ರತಿ ರಸೀದಿಯ ಕೊನೆಗೂ ‘ಧನ್ಯವಾದ, ಮತ್ತೆ ಬನ್ನಿ’ ಎಂದು ಅಚ್ಚು ಹಾಕುತ್ತಿತ್ತು. ಗಂಡನ ಪಟ ಒಯ್ದ ಹೆಂಗಸೊಬ್ಬಳು ಮೂರು ವಾರಕ್ಕೆ ಮಗನ ಫೋಟೊ ಹಿಡಿದು ಬಂದಳು. ಅವಳು ಹೋದ ಮೇಲೆ ಶ್ಯಾಮಲ ಆ ಸಾಫ್ಟ್‌ವೇರನ್ನೇ ಅಳಿಸಿಹಾಕಿದಳು.

ಮೂರನೆಯದನ್ನು ಬಂಗಾರಪೇಟೆಯ ಸುಧಾಕರ್ ಅವಳ ಪಕ್ಕದಲ್ಲೇ ಕೂತು ಮಾಡಿಕೊಟ್ಟ. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ ತುಂಬಿಸಿದರೆ ಮಾತ್ರ ಕೆಲಸ ಪ್ರಿಂಟಿಗೆ ಹೋಗುತ್ತದೆ. ಅಲ್ಲಿಂದ ಕಟ್ಟಿನ ಮರದ ಪಟ್ಟಿ, ಗಾಜು, ಹಿಂಬದಿಯ ಹಲಗೆ. ಜನ ಬಂದು ‘ಹನ್ನೊಂದನೇ ದಿನಕ್ಕೆ ಬೇಕು’ ಎನ್ನುತ್ತಾರೆ, ಕೆಲವರು ಹದಿನಾರು ಎನ್ನುತ್ತಾರೆ. ತೀರಿಕೊಂಡ ದಿನ ಕೊಟ್ಟರೆ ಅದು ಕಾರ್ಯದ ದಿನ ಹೇಳುತ್ತದೆ. ಕಾರ್ಯದ ದಿನ ಕೊಟ್ಟರೆ ಹಿಂದಕ್ಕೆ ಎಣಿಸಿ ತೀರಿಕೊಂಡ ದಿನವನ್ನು ತಾನೇ ತುಂಬುತ್ತದೆ.

ಮಂಗಳವಾರ ಮುನೀಂದ್ರ ಬಂದಿದ್ದ. ಪಕ್ಕದ ಕೋರಮಂಡಲ್ ಗಣಿ ಕಾಲೊನಿಯವನು, ಹಿಂದೆ ಒಮ್ಮೆ ದೇವರ ಪಟಕ್ಕೆ ಕಟ್ಟು ಹಾಕಿಸಿದ್ದ. ಗಡ್ಡ ನುಣ್ಣಗೆ ಬೋಳಿಸಿದ್ದ.

“ನಮ್ಮಕ್ಕ ಮುನಿಲಕ್ಷ್ಮಿ ಓಗ್ಬಿಟ್ಲಮ್ಮ,” ಎಂದು ಮೊಬೈಲಿನಿಂದ ಫೋಟೊ ಕಳಿಸಿದ. “ಇಪ್ಪತ್ನಾಕು, ಭಾನುವಾರ, ಅನ್ನೊಂದ್ನೇ ದಿನ.”

“ಭಾನುವಾರಾನೇ ಬಂತಾ ಅಣ್ಣ?”

“ಒಳ್ಳೇದೇ ಆಯ್ತು. ಎಲ್ರೂ ಬೆಳಿಗ್ಗೆ ರೈಲಿಗೆ ಬೆಂಗ್ಳೂರಿಗೆ ಓಗೋ ಜನ. ವಾರದ ದಿನ ಆದ್ರೆ ಯಾರ್ ಬತ್ತಾರೆ?”

“ಕೆಳಗೆ ಬರೆಯೋಕೆ ತೀರ್ಕೊಂಡ ತಾರೀಕು?”

“ಅದೊಂದ್ ಜಾಗ ಖಾಲಿ ಬಿಡು. ಆಮೇಲ್ ಏಳ್ತೀನಿ.”

ನೋಟ್‌ಬುಕ್ಕಾಗಿದ್ದರೆ ಖಾಲಿ ಇರುತ್ತಿತ್ತು. ಬುಧವಾರ ಬೆಳಿಗ್ಗೆ ಶ್ಯಾಮಲ ವಿವರಗಳನ್ನು ತುಂಬಿಸಿ ಗುಂಡಿ ಒತ್ತಿದಳು. ಖಾಲಿ ಜಾಗದಲ್ಲಿ ತಾರೀಕು ಬಂದು ಕೂತಿತು. ಹದಿನಾಲ್ಕು, ಗುರುವಾರ.

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಇವತ್ತು ಹದಿಮೂರು.

ಸುಧಾಕರನಿಗೆ ಫೋನ್ ಮಾಡಿದಳು. “ಏನಪ್ಪಾ, ನಿನ್ ಸಾಫ್ಟ್‌ವೇರ್‌ಗೆ ಹುಚ್ಚು ಇಡಿದೈತಾ? ನಾಳೆ ಸಾಯೋರ್ನ ಇವತ್ತೇ ಬರ್ಕೊಂಡೈತೆ.”

“ಅಕ್ಕಾ, ಅದು ಯಮನ ಲೆಕ್ಕ ಇಡಲ್ಲ,” ಅವನು ನಕ್ಕ. “ಅದಕ್ ಬರೋದು ಅನ್ನೊಂದು ಎಣಿಸೋಕೆ ಮಾತ್ರ. ನೀವೇ ಬೆರಳಲ್ಲಿ ಎಣಿಸ್ನೋಡಿ.”

ಎಣಿಸಿದಳು. ಸತ್ತ ದಿನ ಒಂದು, ಹಾಗೆ ಮುಂದಕ್ಕೆ. ಮೂರು ಸಲ ಎಣಿಸಿದರೂ ಗುರುವಾರವೇ. ಪರದೆಯ ಮೇಲೆ ಮುನಿಲಕ್ಷ್ಮಿ, ಫೋಟೊ ತೆಗೆಯುವವನು ಏನೋ ತಮಾಷೆ ಮಾಡಿದಂತೆ, ನಗು ತಡೆದುಕೊಂಡು ಕೂತಿದ್ದಳು.

ಅಂಗಡಿಯ ಪಕ್ಕ ರಸ್ತೆಬದಿಯಲ್ಲಿ ಹೂ ಕಟ್ಟುತ್ತಿದ್ದ ಮಂಗಮ್ಮ ಸೂಜಿಮಲ್ಲಿಗೆ ಕೊಳ್ಳಿರೆಂದು ಕೂಗುತ್ತಿದ್ದಳು. ಶ್ಯಾಮಲ ಫೋಟೊವನ್ನು ಫೋನಿಗೆ ಹಾಕಿಕೊಂಡು ಹೋಗಿ ತೋರಿಸಿದಳು.

“ಮಂಗಕ್ಕ, ಈಯಮ್ಮನ್ನ ಗೊತ್ತಾ?”

“ಕೋರಮಂಡಲ್ ಮುನಿಲಕ್ಷ್ಮಿ ಅಲ್ವಾ? ಗೊತ್ತಿಲ್ದೆ ಏನು? ಈಗ ತಾನೆ ಎರಡು ಮೊಳ ಕನಕಾಂಬ್ರ ತಕೊಂಡೋದ್ಲು. ಮೊಳ ಚಿಕ್ಕದು ಅಂತ ನನ್ ಕೈನೇ ಅಳೆದ್ಲು, ಜಗಳಗಂಟಿ!”

ಶ್ಯಾಮಲ ಹೂಬುಟ್ಟಿಯ ಅಂಚು ಹಿಡಿದುಕೊಂಡಳು. “ಈಗ? ಇವತ್ತು?”

“ಇವತ್ತೇ ಕಣಮ್ಮ. ಭಾಳ ಖುಷೀಲಿದ್ಲು. ಗಂಡ ಓದ್ಮೇಲೆ ಗಣಿ ಕ್ವಾಟ್ರಸ್ಸು ಮನೆ ಅವಳ ಎಸರಿಗೆ ಬಂತು ನೋಡು, ಆವತ್ತಿಂದ ತಮ್ಮ ಮುಖ ಕೊಟ್ಟು ಮಾತಾಡಿರ್ಲಿಲ್ಲ. ಈಗ ಅವನಾಗೇ, ಬೇತಮಂಗಲದ ಕೆರೆ ತುಂಬೈತೆ, ಬೈಕಲ್ಲಿ ಕರ್ಕೊಂಡೋಗಿ ತೋರಿಸ್ತೀನಿ ಬಾ ಅಂದ್ನಂತೆ.”

“ಯಾವಾಗ?”

“ನಾಳೆ ಬೆಳಿಗ್ಗೆ. ಅದಕ್ಕೇ ಹೂವು.” ಮಂಗಮ್ಮ ದಾರ ಕಚ್ಚಿ ತುಂಡು ಮಾಡಿದಳು. “ಯಾಕೆ, ಪಟಕ್ಕೆ ಕಟ್ಟು ಹಾಕ್ಸೋಕೆ ಕೊಟ್ಟವ್ಳಾ?”

ಶ್ಯಾಮಲ ಒಳಗೆ ಹೋಗಿ ಅಂಗಡಿಯ ಬೀಗ ತಂದು ಮಂಗಮ್ಮನ ಮಡಿಲಿಗೆ ಹಾಕಿದಳು.

“ಅಕ್ಕಾ, ಅವಳ ತಮ್ಮ ಇಲ್ಲಿಗ್ ಬಂದ್ರೆ ಪಟ ಇನ್ನೂ ಆಗಿಲ್ಲ ಅನ್ನು. ನಾನ್ ಕೋರಮಂಡಲ್‌ಗೆ ಓದೆ ಅಂತ ಮಾತ್ರ ಏಳ್ಬೇಡ. ಮುನಿಲಕ್ಷ್ಮಿ ಒಬ್ಳೇ ಸಿಕ್ಕಿದ್ರೆ ಸರಿ, ಅವನೂ ಮನೇಲೇ ಇದ್ರೆ…” ಎನ್ನುತ್ತಲೇ ಅವಳು ರಸ್ತೆ ದಾಟಿ, ಹಿಂದಿರುಗಿ ನೋಡದೆ ಕೋರಮಂಡಲ್ ಕಡೆಗೆ ನಡೆದಳು.