ನೀರಿನ ಟಾಕಿ ಡಬ್ಬಿಗೆ ಕಾಸೀಂಸಾಬ ಕಲಿಸಿದ ಮಾತು

ಅದನ್ನ ಅಲ್ಲೇ ಬಿಡು ಸೃಷ್ಟಿ, ನಿನ್ನ ಅಜ್ಜಿ ಲಗ್ನದ ಸುದ್ದಿ ಆಮ್ಯಾಲ ಹೇಳ್ತೀನಿ. ಮೊದಲ ಕಾಸೀಂಸಾಬಂದು ಬರಕೊ. ನಮ್ಮ ಓಣ್ಯಾಗ ರೇಡಿಯೋ ರಿಪೇರಿ ಮಾಡ್ತಿದ್ದ, ಆಮ್ಯಾಲ ಹನ್ನೊಂದು ವರ್ಷ ನಮ್ಮ ಅಸಂಗಿ ಊರಿನ ನೀರಿನ ಟಾಕಿ ಡಬ್ಬಿ ನೋಡ್ಕೊಂಡ. ನನಗ ಅಕ್ಕಾ ಅಂತಿದ್ದ. ನನ್ನ ಬದನಿಕಾಯಿ ಪಲ್ಯ ಅಂದ್ರ ಅಂವಗ... ಹೋಗ್ಲಿ, ಅದನ್ನ ಬರೀಬ್ಯಾಡ. ಬರಿ ಬರಿ, ಇರ್ಲಿ.

ಡಬ್ಬಿ ಅಂದ್ರ ಪುಟ್ಟ ಕಂಪ್ಯೂಟರು, ಸಾಬಾಣ ಡಬ್ಬಿಯಷ್ಟು. ಯಾವ ಓಣಿಗೆ ಯಾವಾಗ ನೀರು ಬಿಡಬೇಕು ಅನ್ನೋದೆಲ್ಲ ಅದರಾಗ. ಚಿತ್ರ ಇಲ್ಲ, ಏನಿಲ್ಲ. ಲ್ಯಾಪ್‌ಟಾಪಿಗೆ ವಾಯರ್ ಹಚ್ಚಿ, ಅಕ್ಷರ ಕೂಡಿಸಿ ಒಂದು ಶಬ್ದ ಒತ್ತಿದ್ರ ಒಂದು ಕೆಲಸ.

"ಇಷ್ಟ ಸಣ್ಣದ್ರಾಗ ಇಷ್ಟು ಕೆಲಸ ಹ್ಯಾಂಗೋ?" ಅಂದೆ.

"ಅಕ್ಕಾ, ಒಳಗ ಇರೋದು ಒಂದ ಪ್ರೋಗ್ರಾಮು, ಹೆಸರು ನೂರು. ಯಾವ ಹೆಸರಿಂದ ಕರದ್ರ ಆ ಕೆಲಸ ಮಾಡತೈತಿ. ನಿನಗ ಸೊಸಿ ಅಂದ್ರ ರೊಟ್ಟಿ ಬಡೀತಿ, ಅಜ್ಜಿ ಅಂದ್ರ ಕತಿ ಹೇಳ್ತಿ, ಅವ್ವಾ ಅಂದ್ರ ಬೈತಿ. ಹಂಗ. ಹೆಸರು ನಾವು ಬೇಕಾದ್ದು ಇಡಬಹುದು."

"ನಿನಗ ಬೈಯಾಕ ಹೆಸರ ಬೇಕಾಗಿಲ್ಲ ನನಗ" ಅಂದೆ. ಭಾಳ ನಕ್ಕಿದ್ದ.

ಹ್ವಾದ ರಮಜಾನದಾಗ ಎದಿ ನೋವು ಬಂದು ತೀರಿಕೊಂಡ. ಡಬ್ಬಿ ಮಾತ್ರ ನಿಲ್ಲಲಿಲ್ಲ. ಅಂವ ಹಚ್ಚಿಟ್ಟ ವ್ಯಾಳ್ಯಾಕ್ಕ ನಳದಾಗ ಸುಸ್ ಅಂತ ಗಾಳಿ ಬರೂದು, ಅಂವನ ಹೆಂಡ್ತಿ ಕಾಸೀಂಬಿ ಬಾಗಲ ಕಡೆ ನೋಡೂದು. "ಬಂದ್ರು ನೋಡ ಅಕ್ಕಾ" ಅನ್ನಾಕಿ.

ಮೊನ್ನೆ ಜತ್ತ ಪ್ಯಾಟಿಯಿಂದ ದತ್ತಾ ಅನ್ನಾಂವ ಹೊಸ ಡಬ್ಬಿ ತಂದ, ನಾನೂ ಕಾಸೀಂಬಿನೂ ಟಾಕಿ ಕಡೆ ಹ್ವಾದಿವಿ. "ಹಳೇದನ್ನ ನೀಟಾಗಿ ಬಂದ್ ಮಾಡ್ಬೇಕ್ರಿ. ಸೀದಾ ವಾಯರ್ ಕಿತ್ರ ಕಾಸೀಂಕಾಕಾ ಬರದಿಟ್ಟದ್ದು ಅಳಿಸಿ ಹೋಗಬಹುದು" ಅಂದ.

"ಅದೊಂದು ನನಗ ಬೇಕಪ್ಪ" ಅಂದಳು ಕಾಸೀಂಬಿ. "ಅವರ ಕೈಯಿಂದ ಬರದದ್ದು ಬ್ಯಾರೆ ಏನೂ ಇಲ್ಲ ನನ್ನ ಕಡೆ."

ದತ್ತಾ ಬಂದ್ ಮಾಡೋ ಶಬ್ದ ಒತ್ತಿದ. ಅಂಥಾ ಶಬ್ದ ಇಲ್ಲ ಅಂತು ಡಬ್ಬಿ. ಮತ್ತ ಒತ್ತಿದ. ಇಲ್ಲ. ಕಾಸೀಂಸಾಬ ಆ ಹೆಸರ ತಗದು ತಂದೊಂದು ಹೆಸರು ಇಟ್ಟಾನ. ದತ್ತಾ ಬೆವರು ಒರಸ್ಕೊಂಡ, ವಾಯರಿಗೆ ಕೈ ಹಚ್ಚಿದ.

"ತಡಿ ಬಾಬಾ" ಅಂದಳು ಆಕಿ. "ಅವರು ಬಾಗಲ ದಾಟುವಾಗ ಒಂದಿನಾನೂ ಹೋಗ್ತೀನಿ ಅಂದಾವರಲ್ಲ. ಬರ್ತೀನಿ ಅಂತ ಒತ್ತಿ ನೋಡು."

ಖರೇನ, ನಮ್ಮ ಕಡೆ ಹೋಗ್ತೀನಿ ಅಂತ ಯಾರಂತಾರ? ದತ್ತಾ ಇಂಗ್ಲಿಷ್ ಅಕ್ಷರದಾಗ ಬರ್ತೀನಿ ಅಂತ ಒತ್ತಿದ. ಲ್ಯಾಪ್‌ಟಾಪಿನ ಪಡದೆ ಮ್ಯಾಲ ಒಂದು ಸಾಲು ಬಂತು. ದತ್ತಾ ಜೋರಾಗಿ ಓದಿದ: "ಲಗೂನ ಬರ್ರಿ."

ಅದು ಕಾಸೀಂಬಿ ಮಾತು ಸೃಷ್ಟಿ. ಅಂವ ಬರ್ತೀನಿ ಅಂದಾಗೆಲ್ಲ, ತಡಾ ಮಾಡಬ್ಯಾಡ್ರಿ ಅನ್ನೂ ಹಂಗ, ಮೂವತ್ತು ವರ್ಷ ಹೊಸ್ತಿಲದಾಗ ನಿಂತು ಅಂದದ್ದು. ಅಂವ ಡಬ್ಬಿಗೆ ಕಲಿಸಿಟ್ಟಿದ್ದ. ದತ್ತಾ ಓದಿ ಮುಗಿಸೂದರಾಗ ಡಬ್ಬಿ ದೀಪ ಆರಿತು.

ಕಾಕಾ ಬರದದ್ದೆಲ್ಲ ಉಳೀತು ಅಂತ ದತ್ತಾ ಡಬ್ಬಿಯಿಂದ ಉಗುರಿನಷ್ಟು ಕಾರ್ಡು ತಗದು ಕೊಟ್ಟ, ಆಕಿ ಸೆರಗಿಗೆ ಕಟ್ಕೊಂಡಳು. ಆದ್ರ ಅವತ್ತಿಂದ ಯಾರು ಬರ್ತೀನಿ ಅಂದ್ರೂ ಆಕಿ ಲಗೂನ ಬರ್ರಿ ಅನ್ನೂದಿಲ್ಲ. ಕೇಳಿದ್ರ, "ನಾ ಹಂಗ ಅಂದ್ರ ದೀಪ ಆರತೈತಿ ಅಕ್ಕಾ" ಅಂತಾಳ.

ಪೆನ್ನು ಇಡು, ಏಳು. ಈ ರೊಟ್ಟಿ ಆಕಿಗೆ ಕೊಟ್ಟು ಬಾ. ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾ ಹಿಂಡಿ ಮಾತ್ರ ಆಕಿ ಮನಿ ಹೊರಗ ಕಟ್ಟಿ ಮ್ಯಾಲ ಬಿಡು. ಬರ್ತೀನಿ ಅಂದು ಬಾಗಲ ದಾಟು, ಆಕಿ ಸುಮ್ಮನಿದ್ರೂ ಇರ್ಲಿ. ಆಮ್ಯಾಲ ಹಿಂಡಿ ತಗೊಂಡು ತಿರುಗಿ ಒಳಗ ಹೋಗು, ಬರ್ತೀನಿ ಅಂದಾವರು ಬರ್ತಾರ ಅಂತ ಆಕಿ ನೋಡ್ಲಿ.