ಎರಡನೇ ಸುತ್ತಿಗೆ ನಮ್ಮವಳು

ನನಗೆ ಆಟವೆಂದರೆ ಅಷ್ಟಕ್ಕಷ್ಟೇ. ಆದರೆ ಮದುವೆಯಾಗಿ ಹೋದದ್ದು ಕ್ರಿಕೆಟ್ ಹುಚ್ಚಿನ ಮನೆಗೆ. ಭಾರತ ಬ್ಯಾಟಿಂಗ್ ಮಾಡುವಾಗ ಟಿವಿ ಮುಂದೆ ಕೂತವರು ಏಳುವ ಹಾಗಿರಲಿಲ್ಲ. ಎದ್ದರೆ ವಿಕೆಟ್ ಬೀಳುತ್ತದೆ ಎಂಬುದು ಅತ್ತೆಯ ಶಾಸನ. ಸ್ಟಾಕ್‌ಹೋಮಿಗೆ ಬಂದ ಮೇಲೆ ಇದರಿಂದ ಪಾರಾದೆ ಅಂದುಕೊಂಡಿದ್ದೆ. ಒಂದು ವರ್ಷ ನವೆಂಬರ್ ಕೊನೆಗೆ ಅತ್ತೆಯೇ ಮೂರು ತಿಂಗಳ ವೀಸಾದಲ್ಲಿ ಬಂದಿಳಿದರು.

ನಮ್ಮ ಟಿವಿಯಲ್ಲಿ ಕ್ರಿಕೆಟ್ ಬರುತ್ತಿರಲಿಲ್ಲ. ಹೊರಗೆ ಮಧ್ಯಾಹ್ನ ಮೂರಕ್ಕೇ ಕತ್ತಲು. ಅತ್ತೆ ಸ್ವಲ್ಪ ದಿನ ಕಿಟಕಿ ನೋಡಿದರು, ಆಮೇಲೆ ರಿಮೋಟ್ ಕೈಗೆತ್ತಿಕೊಂಡರು. ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಹೆಣ್ಣುಮಕ್ಕಳು ಅತ್ತಿತ್ತ ಬಾಗುತ್ತಾ ಜಾರಿ ಬರುವ ಸ್ಕೀ ರೇಸು ಅವರ ಕಣ್ಣಿಗೆ ಬಿತ್ತು. ಇವತ್ತು ಈ ದೇಶ, ಬರುವ ವಾರ ಇನ್ನೊಂದು ದೇಶ, ಹೀಗೆ ಚಳಿಗಾಲವಿಡೀ ರೇಸು. ಅತ್ತೆಗೆ ಇನ್ನೇನು ಬೇಕು?

ಕೊನೆಕೊನೆಗೆ ಇಳಿಯುತ್ತಿದ್ದ ಒಬ್ಬ ಸ್ವೀಡಿಷ್ ಹುಡುಗಿಯನ್ನು ಅವರು ಆರಿಸಿಕೊಂಡರು. ಅವಳ ಹೆಸರಿನ ಪಕ್ಕ ಪ್ಲಸ್ ಹಾಕಿದ ದೊಡ್ಡ ಅಂಕಿ ಬಂದಾಗಲೆಲ್ಲ ಚಪ್ಪಾಳೆ.

"ನೋಡೇ, ಎಲ್ಲರಿಗಿಂತ ಜಾಸ್ತಿ ಹೊಡ್ದಿದಾಳೆ."

ನಾನೂ ನಂಬಿದೆ. ಆಫೀಸಿನಲ್ಲಿ ಫಿಕಾ ಹೊತ್ತಿಗೆ ಎಲ್ಲರೂ ಕಾಫಿ ಹಿಡಿದು ಕೂತಿದ್ದಾಗ ಈ ಚಾಂಪಿಯನ್ ಬಗ್ಗೆ ಜಂಬದಿಂದ ಹೇಳಿದೆ. ಸಹೋದ್ಯೋಗಿಯೊಬ್ಬ ಪಾಪ, ನಗು ತಡೆದುಕೊಂಡು ವಿವರಿಸಿದ: ಆ ಅಂಕಿ ಎಲ್ಲರಿಗಿಂತ ಮುಂದಿರುವವರಿಗಿಂತ ಎಷ್ಟು ತಡವಾಯಿತು ಎಂಬ ಲೆಕ್ಕ. ಮೊದಲ ಸುತ್ತಿನಲ್ಲಿ ಮೂವತ್ತರೊಳಗೆ ಬಂದರಷ್ಟೇ ಎರಡನೇ ಸುತ್ತು. ನಮ್ಮವಳಿಗೆ ಆ ವರ್ಷ ಅದು ಒಮ್ಮೆಯೂ ಸಿಕ್ಕಿರಲಿಲ್ಲ.

ಮನೆಗೆ ಬಂದು ಹೇಳಿದೆ: "ಅತ್ತೆ, ಇಲ್ಲಿ ಕಮ್ಮಿ ಇದ್ದವ್ರೇ ಗೆಲ್ಲೋದಂತೆ."

ಅವರು ರಿಮೋಟ್ ಕೆಳಗಿಡಲಿಲ್ಲ. "ಇರ್ಲಿ ಬಿಡು. ಒಂದ್ಸಲ ನಮ್ಮವಳು ಅಂದ್ಮೇಲೆ ಮುಗೀತು. ರನ್ ಬರ್ಲಿಲ್ಲ ಅಂತ ಟೀಮ್ ಬದ್ಲಾಯಿಸ್ತೀವಾ?"

ಅಲ್ಲಿಂದ ಅತ್ತೆಗೆ ಒಂದೇ ಹಂಬಲ: ಊರಿಗೆ ಹೋಗುವುದರೊಳಗೆ ಅವಳು ಒಮ್ಮೆ ಎರಡನೇ ಸುತ್ತಿಗೆ ಬರಬೇಕು. ಹಳೆಯ ಶಾಸನ ಜಾರಿಯಾಯಿತು. ಜನವರಿಯ ಒಂದು ಭಾನುವಾರ ಅವಳು ಚೆನ್ನಾಗಿ ಇಳಿಯುತ್ತಿದ್ದಾಗ ಒಲೆಯ ಮೇಲಿದ್ದ ಹಾಲು ನೆನಪಾಗಿ ನಾನು ಎದ್ದೆ. ಇಲ್ಲಿನ ಹಾಲನ್ನು ಕಾಯಿಸಬೇಕಾಗಿಯೇ ಇಲ್ಲ ಎಂದರೂ ಅತ್ತೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಕಂಬಗಳ ನಡುವಿನ ದಾರಿ ತಪ್ಪಿ ಬಿದ್ದಳು. ಅತ್ತೆ ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ನನಗೆ ರೇಗಿತು, ಆದರೆ ನಿಜ ಹೇಳಬೇಕೆಂದರೆ, ನಾನೇ ಬೀಳಿಸಿದೆನೇನೋ ಎಂಬ ಅಳುಕೂ ಇತ್ತು.

ಅತ್ತೆಯ ಟಿಕೆಟ್ ಇದ್ದದ್ದು ಫೆಬ್ರವರಿ ಕೊನೆಯ ಸೋಮವಾರಕ್ಕೆ. ಅದಕ್ಕೂ ಮುಂಚಿನ ಶನಿವಾರ ಸ್ವೀಡನ್ನಿನದೇ ಬೆಟ್ಟದೂರಿನಲ್ಲಿ ರೇಸು. ಮೊದಲ ಸುತ್ತಿನಲ್ಲಿ ನಮ್ಮವಳು ಇಪ್ಪತ್ತೆಂಟನೆಯವಳಾಗಿ ನಿಂತಳು. ಅವಳ ನಂತರ ಇಳಿದವರಲ್ಲಿ ಇಬ್ಬರು ಅವಳನ್ನು ದಾಟಿದರು. ಮೂವತ್ತಕ್ಕೆ ಬಂದಳು. ಇನ್ನೊಬ್ಬಳು ದಾಟಿದ್ದರೆ ಮುಗಿದೇಹೋಗುತ್ತಿತ್ತು. ದಾಟಲಿಲ್ಲ. ದೇವರಿಗೆ ಕೈಮುಗಿದವಳು ನಾನು, ಆಟವೆಂದರೆ ಅಷ್ಟಕ್ಕಷ್ಟೇ ಎನ್ನುವವಳು.

ಎರಡನೇ ಸುತ್ತಿನಲ್ಲಿ ಮೂವತ್ತನೆಯವರೇ ಮೊದಲು ಇಳಿಯಬೇಕು. ಅವಳು ಒಂದು ಕಂಬದ ಬಳಿಯೂ ದಾರಿ ತಪ್ಪದೆ ಕೆಳಗೆ ಬಂದಳು. ಪರದೆಯ ಮೇಲೆ ಅವಳ ಹೆಸರು, ಪಕ್ಕದಲ್ಲಿ ಒಂದನೇ ಸ್ಥಾನ. ಮುಂದಿರುವವರಿಗೆಂದು ಇಟ್ಟ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಅತ್ತೆಯ ಕಣ್ಣು ತುಂಬಿತು.

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಅದು..."

"ಗೊತ್ತು ಕಣೋ. ಇನ್ನೂ ಇಪ್ಪತ್ತೊಂಬತ್ತು ಜನ ಬರೋರಿದಾರೆ. ಬರ್ಲಿ. ಈಗ ಕೂತಿದಾಳಲ್ಲ, ನೋಡೋಣ."

ಎರಡನೆಯವಳು ಹೊರಟಳು. ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.