ಮುದಿ ಹೋತದ ನಾಲ್ಕು ಸೆಕೆಂಡು

ಜೂನ್ ೮, ರವಿವಾರ, ಮುಂಜಾನೆ ೯:೧೦. ತುಕ್ಕಾನಟ್ಟಿಯಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯಲು ಶುರುಮಾಡಿದ್ದೇನೆ.

ಅಕ್ಕನ ಮಗಳಿಗೆ ಈಗ ಮೂರು ವರ್ಷ ಎಂಟು ತಿಂಗಳು. ಕಳೆದ ನವೆಂಬರ್ ಶುರುವಾಗುವ ತನಕ ಅವಳು ಆಡಿದ ಪದಗಳನ್ನೆಲ್ಲ ನಾನು ವಹಿಯಲ್ಲಿ ಬರೆದಿಟ್ಟಿದ್ದೆ: ಒಟ್ಟು ಹನ್ನೊಂದು. ಕಿವಿಯಲ್ಲಿ ದೋಷವಿಲ್ಲ, ಮಾತಾಡಿಸುತ್ತಿರಿ ಎಂದು ಗೋಕಾಕದ ಡಾಕ್ಟರು ಹೇಳಿದ್ದರು. ನಾವು ಬಿಡದೆ ಮಾತಾಡಿಸಿದೆವು.

ಅವಳು ಉತ್ತರ ಕೊಡತೊಡಗಿದ್ದು ನಮಗಲ್ಲ, ಫೋನಿನಲ್ಲಿ ಬರುವ ಒಂದು ಮುದಿ ಹೋತಕ್ಕೆ. ಅದು ಬ್ರಿಟನ್ನಿನ ಮಕ್ಕಳ ಕಾರ್ಟೂನು. ಹೋತ ದೋಣಿ ನಡೆಸುತ್ತದೆ. ಪ್ರತಿ ಕಂತಿನಲ್ಲೂ ಏನಾದರೊಂದನ್ನು ಮರೆತು, ನೋಡುವವರ ಕಡೆ ತಿರುಗಿ, ಏನು ಮರೆತೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಆಮೇಲೆ ಗಡ್ಡ ತುರಿಸುತ್ತ ಗಂಟಲಲ್ಲೇ ಸಣ್ಣಗೆ "ಹ್ಞೂಂ" ಎನ್ನುತ್ತ ಕಾಯುತ್ತದೆ. ನವೆಂಬರ್ ೧೬ರಂದು ಅದು ಹಾಗೆ ಕಾಯುತ್ತಿರುವಾಗ ಇವಳು "ಟೊಪ್ಪಿಗಿ!" ಎಂದು ಕೂಗಿದಳು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಆ ದನಿ ಯಾರದೆಂದು ಹುಡುಕಿದೆ. ನಾನು ಯಮಕನಮರಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಗೋಕಾಕ ಫಾಲ್ಸಿನ ನನ್ನ ಮನೆಯಿಂದ ಅಲ್ಲಿಗೆ ಹೋಗಿಬರುವಾಗ ಬಸ್ಸಿನಲ್ಲಿ, ಕಂತಿನ ಕೊನೆಗೆ ಸರಿಯುವ ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡೆ. ಹೋತಕ್ಕೆ ದನಿ ಕೊಟ್ಟವರ ಹೆಸರು ನಾಲ್ಕು ಕಾರ್ಟೂನುಗಳಲ್ಲಿ ಸಿಕ್ಕಿತು. ಎಲ್ಲಕ್ಕಿಂತ ಹಳೆಯದರಲ್ಲಿ ಅವರು "ಇತರ ದನಿಗಳು" ಎಂಬ ಸಾಲಿನಲ್ಲಿ ಕೊನೆಯವರು. ಎರಡನೆಯದರಲ್ಲಿ ಒಂದು ಬಾತುಕೋಳಿ, ಒಬ್ಬ ಅಂಚೆಯವನು. ಹೋತದ ಹೊತ್ತಿಗೆ ಅವರ ಹೆಸರು ಎಲ್ಲರಿಗಿಂತ ಮೇಲೆ. ನಾಲ್ಕನೆಯದರಲ್ಲಿ ಮತ್ತೆ "ಇತರ ದನಿಗಳು". ಒಬ್ಬರ ಜೀವಮಾನದ ದುಡಿಮೆ ನನ್ನ ವಹಿಯಲ್ಲಿ ಎರಡು ಪುಟವಾಯಿತು. ದನಿ ಹದಿನೇಳು, ಮುಖ ಒಂದೂ ಇಲ್ಲ.

ಅಕ್ಕನ ಮಾವ ಕುರಿ ಕಾಯುವವರು. ಅವರಿಗೆ ಬಾತುಕೋಳಿಯನ್ನೂ ಹೋತವನ್ನೂ ಕೇಳಿಸಿ, ಇಬ್ಬರೂ ಒಬ್ಬರೇ ಎಂದು ಜಂಬದಿಂದ ಹೇಳಿದೆ.

"ಅದರಾಗೇನೈತವಾ? ಉಸಿರು ಒಂದ ಐತಲ್ಲ. ಸಂಜಿಕ ನೂರ ಮರಿ ಒದರಿದ್ರೂ ತಾಯಿಕುರಿ ತನ್ನ ಮರಿ ಗುರ್ತ ಹಿಡಿತೈತಿ. ಸಾಲಿ ಕಲ್ತ ನಿನಗ ಎರಡ ಪುಟಾ ಬೇಕಾತು!"

ಮಾರ್ಚಿನಲ್ಲಿ ಹೋತದ ಹೊಸ ಕಂತುಗಳು ಬಂದವು. ಗಡ್ಡ ಅದೇ, ದೋಣಿ ಅದೇ, ದನಿ ಕೊಟ್ಟವರ ಹೆಸರು ಬೇರೆ. ಹೊಸಬರ ದನಿಯೂ ಚೆನ್ನಾಗಿದೆ. ಆದರೆ ಇವಳು ಬಾಯಿ ತೆರೆಯುವಷ್ಟರಲ್ಲಿ ಹೋತವೇ ಉತ್ತರ ಹೇಳಿಬಿಟ್ಟಿತು. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ಹಳೆಯ ಕಂತು ಹಾಕಿಕೊಟ್ಟರೂ ಇವಳು ಫೋನನ್ನು ಬೋರಲು ಮಾಡಿ ಎದ್ದುಹೋಗತೊಡಗಿದಳು. ಎರಡು ವಾರ ಪಟ್ಟಿಗೆ ಒಂದೂ ಹೊಸ ಪದ ಸೇರಲಿಲ್ಲ. ಹಳೆಯವೂ ನಿಂತವು.

"ಮತ್ತ ಮೊದಲಿನಂಗ ಆದ್ಳು ನೋಡ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು.

ನಾನು ಎರಡೂ ದನಿಗಳನ್ನು ಸ್ಟಾಪ್‌ವಾಚಿನಿಂದ ಅಳೆದೆ. ಹಳಬರು ಪ್ರಶ್ನೆ ಕೇಳಿ ನಾಲ್ಕು ಸೆಕೆಂಡು ಕಾಯುತ್ತಾರೆ. ಹೊಸಬರು ಒಂದೂವರೆ. ಇದನ್ನು ಹೇಳಿದಾಗ ಅಕ್ಕನ ಮಾವ ಎಲೆ ಅಡಿಕೆ ಉಗುಳಿ ಬಂದು ಕುಳಿತರು.

"ಅವ್ರದಿರಲಿ. ನೀವು ಎಷ್ಟ ಕಾಯ್ತೀರಿ? ಹಾಲ ಬೇಕನವಾ ಅಂತೀರಿ, ಕೂಸು ಬಾಯಿ ತಗಿಯೂದ್ರಾಗ ವಾಟೆ ತುಟಿಗೆ ಹಚ್ಚಿರ್ತೀರಿ. ಕುರೀನ ಒಂದ ಸಲ ಕರದು ನಾವು ಸುಮ್ಮ ನಿಂದರಬೇಕು. ಮ್ಯಾಲಿಂದ ಮ್ಯಾಲೆ ಕರದ್ರ ಅದು ಇದ್ದಲ್ಲೇ ನಿಂದರತೈತಿ."

ನಮ್ಮನ್ನು ನಾನು ಅಳೆದಿರಲಿಲ್ಲ. ಆ ಸಂಜೆ ಅಳೆದೆ. ಅಕ್ಕ ಒಂದು ಸೆಕೆಂಡು. ನಾನು ಅಷ್ಟೂ ಇಲ್ಲ.

ಮಾರ್ಚ್ ೩೦, ರವಿವಾರ, ಮುಂಜಾನೆ ೭:೪೦. ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಬಿಡಲು ಹೊರಟವರು, ಹೊಸ್ತಿಲಲ್ಲಿ ಮೊಮ್ಮಗಳ ಕಡೆ ತಿರುಗಿ ನಿಂತರು. ಕೋಲನ್ನು ಬೇಕೆಂದೇ ಗೋಡೆಗೆ ಆನಿಸಿ ಬಿಟ್ಟಿದ್ದರು.

"ಏನೋ ಮರತೇನಲ್ಲವಾ."

ಗಡ್ಡ ತುರಿಸಿದರು. ನಾನು ಮನಸ್ಸಿನಲ್ಲೇ ಎಣಿಸಿದೆ. ನಾಲ್ಕಾಯಿತು. ಒಂಬತ್ತಾಯಿತು. ಅಕ್ಕ ಹೇಳಿಕೊಡಲು ಹೊರಟವಳು ಮಾವನ ನೋಟಕ್ಕೆ ಸುಮ್ಮನಾದಳು. ಹೊರಗೆ ಕುರಿಗಳು ಒದರುತ್ತಿದ್ದವು. ಹದಿನಾಲ್ಕಕ್ಕೆ ಇವಳು ಗೋಡೆಯ ಕಡೆ ಕೈಮಾಡಿದಳು.

"ಬಡಿಗಿ." ಆಮೇಲೆ ಅವರ ಕಾಲು ನೋಡಿ, "ಚಪ್ಪಲಿನೂ ಮರತಿ, ಅಜ್ಜಾ."

ಚಪ್ಪಲಿಯನ್ನು ಅವರು ಖರೆಯೇ ಮರೆತಿದ್ದರು.

ನಿನ್ನೆಗೆ ಪಟ್ಟಿ ಇನ್ನೂರು ದಾಟಿದೆ. ಆದರೆ ಹೋತದ ಹಳೆಯ ದನಿಯವರ ಆ ಎರಡು ಪುಟಗಳು ಮುಂದೆ ಸಾಗಿಲ್ಲ. ನಾಲ್ಕನೆಯ ಕಾರ್ಟೂನಿನ ನಂತರ ಆ ಹೆಸರು ಎಲ್ಲೂ ಕಾಣುತ್ತಿಲ್ಲ. ಸ್ವಂತ ಇಚ್ಛೆಯಿಂದ ಬಿಟ್ಟರೋ, ಗಂಟಲು ಕೈಕೊಟ್ಟಿತೋ, ಅವರೇ ಇಲ್ಲವೋ ತಿಳಿಯದು. ಕಾಯಬೇಕೆಂದು ಅವರಿಗೆ ಯಾರು ಕಲಿಸಿದರು ಎಂಬುದೂ ತಿಳಿಯದು. ಮುದಿ ಹೋತ ದೋಣಿ ನಡೆಸುವ ಆ ಕಾರ್ಟೂನನ್ನು ನೋಡಿದವರು, ಅದರ ಹಳೆಯ ದನಿಯವರ ಸಂಗತಿ ಬಲ್ಲವರು ಇದ್ದರೆ ನನಗೆ ಬರೆದು ತಿಳಿಸಿರಿ. ಆ ಹೆಸರಿನ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.